ಬಾಯುಪಚಾರವೂ ಬಚ್ಚಿಟ್ಟ ಚಪ್ಪಲಿಯೂ

ನಮ್ಮ ಕಡೆ ಬಾಯುಪಚಾರಕ್ಕೆ ಬರವಿಲ್ಲ. ರಾಯಚೂರಿನ ನಮ್ಮ ಓಣಿಯಲ್ಲಂತೂ, ಹೊರಟು ನಿಂತ ನೆಂಟರಿಗೆ ‘ಇದ್ದು ಹೋಗ್ರಿ’ ಎನ್ನುತ್ತಲೇ ಬಾಗಿಲು ಮುಂದೆ ಮಾಡುವವರು ಬಹಳ. ನಾಲಿಗೆಯ ಮೇಲೆ ಹುಟ್ಟಿ ಅಲ್ಲೇ ಸಾಯುವ ಮಾತಿಗೆ ಬಾಯುಪಚಾರ ಅನ್ನುತ್ತಾರೆ. ನಾನೂ ಮಾಡುತ್ತೇನೆ, ಸುಳ್ಳೇಕೆ ಹೇಳಲಿ.

ದೇವದುರ್ಗದ ದೊಡ್ಡವ್ವನಿಗೆ, ಅಂದರೆ ನನ್ನ ಅವ್ವನ ಅಕ್ಕನಿಗೆ, ಈ ವಿದ್ಯೆ ಬರುತ್ತಿರಲಿಲ್ಲ. ಇರು ಎಂದು ಆಕೆ ಬಾಯಿಬಿಟ್ಟು ಹೇಳಿದ್ದೇ ಕಡಿಮೆ. ನಾನು ಚೀಲ ಹೆಗಲಿಗೇರಿಸಿ ಹೊರಬಂದರೆ ಚಪ್ಪಲಿ ಮಾಯವಾಗಿರುತ್ತಿದ್ದವು. ಒಮ್ಮೆ ಕಟ್ಟಿಗೆ ರಾಶಿಯ ಹಿಂದೆ, ಒಮ್ಮೆ ಜೋಳದ ಚೀಲಗಳ ಸಂದಿಯಲ್ಲಿ. ಹುಡುಕುವಷ್ಟರಲ್ಲಿ ನನ್ನ ಬಸ್ಸು ರಾಯಚೂರು ದಾರಿಯ ಕಲ್ಮಲ ಊರು ದಾಟಿರುತ್ತಿತ್ತು. ನಾಳೆ ಕೆಲಸಕ್ಕೆ ಹೋಗಬೇಕೆಂದು ನಾನು ಹಾರಾಡುತ್ತಿದ್ದೆ. ಆಕೆ ರೊಟ್ಟಿ ಬಡಿಯುತ್ತಲೇ, ‘ಬರಿಗಾಲಾಗ ಹೆಂಗ ಹೋಗ್ತಿ, ಕುಂಡ್ರು ಬೇ’ ಅನ್ನುತ್ತಿದ್ದಳು.

ಆಕೆ ತೀರಿಕೊಂಡ ಮೇಲೆ ಆ ಮನೆಗೆ ಹೋಗಿರಲಿಲ್ಲ. ಮೊನ್ನೆ ಹೋದೆ. ಆ ಪಡಸಾಲೆಯಲ್ಲಿ ಇನ್ನೊಂದು ರಾತ್ರಿ ಮಲಗಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಬಾಯಿಬಿಟ್ಟು ಕೇಳಿಕೊಂಡರೆ ಅದು ಚೆಂದವಲ್ಲ, ಯಾರಾದರೂ ನಿಲ್ಲಿಸಿಕೊಳ್ಳಬೇಕು. ಬಾಗಿಲಲ್ಲಿ ಯಾರೂ ಇರಲಿಲ್ಲ. ತಲೆಗೂದಲು ನರೆತ ಈ ವಯಸ್ಸಿನಲ್ಲಿ, ಒಂದು ಚಪ್ಪಲಿಯನ್ನು ನಾನೇ ನೀರಿನ ಡ್ರಮ್ಮಿನ ಹಿಂದಕ್ಕೆ ತಳ್ಳಿ ಒಳಗೆ ಹೋದೆ.

ದೊಡ್ಡವ್ವನ ಸೊಸೆ ಒಳ್ಳೆಯವಳು. ಮಂಡಕ್ಕಿ ಒಗ್ಗರಣಿ ಮಾಡಿ, ಚಹಾ ಕೊಟ್ಟು, ಅತ್ತೆಯನ್ನು ನೆನೆದು ಕಣ್ಣೊರೆಸಿಕೊಂಡಳು. ಹೊತ್ತಿಳಿಯುವ ಮುಂದೆ ನಾನು ಎದ್ದೆ.

‘ಇದ್ದು ಹೋಗ್ರಿ ಅಕ್ಕಾರ, ಏನ್ ಅವಸರ ಅದ,’ ಎಂದಳು.

ನನ್ನ ಎದೆ ಹಿಗ್ಗಿತು. ಹೂಂ ಎನ್ನಬೇಕು, ಅಷ್ಟರಲ್ಲಿ ಆಕೆ ನನಗಿಂತ ಮೊದಲು ಹೊರಗೆ ಬಂದು, ಒಂಟಿ ಚಪ್ಪಲಿ ಕಂಡು, ಸೀರೆ ಎತ್ತಿ ಸಿಕ್ಕಿಸಿ ಬಗ್ಗಿದಳು. ಕಟ್ಟೆಯ ಕೆಳಗೆ ನೋಡಿದಳು. ಡ್ರಮ್ಮಿನ ಹಿಂದೆ ಕೈ ಹಾಕಿದಳು.

ನಾಯಿ ಎಳೆದಿರಬೇಕೆನ್ನುತ್ತ ಧೂಳು ಝಾಡಿಸಿ, ಜೋಡಿ ಮಾಡಿ ನನ್ನ ಕಾಲ ಮುಂದೆ ಇಟ್ಟಳು. ‘ಲಗೂನ ಹೋದ್ರ ಬಸ್ ಸಿಗ್ತದ್ರಿ.’

ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಕಲ್ಮಲ ಬರುವವರೆಗೂ ದೊಡ್ಡವ್ವ ಬೇಕು ಬೇಕು ಅನಿಸುತ್ತಲೇ ಇತ್ತು. ನನ್ನ ಬಸ್ಸು ತಪ್ಪಿಸುವವರು ಈಗ ಯಾರೂ ಉಳಿದಿಲ್ಲ.