ಭತ್ತದ ಮಿಷನ್ನಿನ ಡ್ರೈವರಮ್ಮ

ಪಿಯುಸಿ ಮುಗಿದ ಮೇಲೆ ನಾನು ಡಿಗ್ರಿಗೆ ಸೇರಲಿಲ್ಲ. ಪೂರಿಗಾಲಿಯಲ್ಲಿರುವ ಸೋದರಮಾವನ ಹತ್ತಿರ ಭತ್ತ ಕೊಯ್ಯುವ ಮಿಷನ್ ಓಡಿಸುವುದನ್ನು ಕಲಿತೆ. ಒಬ್ಬಳೇ ಹೋದ ಮೊದಲ ಕೆಲಸ ಕೆರಗೋಡಿನ ಹತ್ತಿರದ ಒಂದು ಗದ್ದೆ.

ಮಿಷನ್ ನಿಲ್ಲಿಸಿ ಇಳಿದೆ. ಗದ್ದೆಯ ಯಜಮಾನರು ನನ್ನ ಹಿಂದೆ ಮುಂದೆ ನೋಡಿ, "ಡ್ರೈವರ್ ಎಲ್ಲವ್ವಾ?" ಅಂದರು.

"ನಾನೇ ಕಣಣ್ಣ."

"ತಮಾಸೆ ಬುಡವ್ವ. ನಿನ್ನ ಕೈಗೆ ಗದ್ದೆ ಬುಡಕಾಯ್ತದಾ?" ಅಂತ ಬೇರೆ ಮಿಷನ್ನಿಗೆ ಫೋನು ಮಾಡತೊಡಗಿದರು. ಆಗಲೇ ಮೋಡ ಕಟ್ಟುತ್ತಿತ್ತು. ವಾಪಸ್ ಹೋಗಿ ಮಾವನಿಗೆ ಏನು ಹೇಳಲಿ ಅಂದುಕೊಳ್ಳುತ್ತಾ ಮತ್ತೆ ಮಿಷನ್ ಹತ್ತಿದೆ.

ಬದುವಿನ ಮೇಲೆ ಕೂತಿದ್ದ ಅವರ ತಾಯಿ ಎದ್ದು ಬಂದರು. "ನನ್ನೂ ಅತ್ತಿಸ್ಕತೀಯೇನವ್ವ?"

ಕೈಕೊಟ್ಟು ಹತ್ತಿಸಿ ಪಕ್ಕದಲ್ಲೇ ಕೂರಿಸಿಕೊಂಡೆ. ಅಜ್ಜಿ ಮೇಲಿಂದಲೇ ಮಗನಿಗೆ ಕೂಗಿದರು: "ಮಳೆ ಬತ್ತಾ ಅದೆ, ಫೋನು ಮಡುಗ್ಲಾ!" ತಾಯಿ ಕೂತ ಮಿಷನ್ನನ್ನು ಅವರಾದರೂ ಹೇಗೆ ತಡೆದಾರು?

ಮಿಷನ್ನನ್ನು ಗದ್ದೆಗೆ ಇಳಿಸಿ ಮೊದಲ ಸುತ್ತು ಹೊಡೆದೆ. ಅಜ್ಜಿ ಮಗುವಿನ ಹಾಗೆ ನಗುತ್ತಿದ್ದರು. "ಇಷ್ಟ್ ಕಾಲ ಬಗ್ಗಿ ಬಗ್ಗಿ ಕುಯ್ದೆ. ಕುಂತ್ಕಂಡು ಬತ್ತ ಕುಯ್ತಿರದು ಇದೇ ಮೊದ್ಲು ಕಣವ್ವ."

ಮಳೆ ಬೀಳುವಷ್ಟರಲ್ಲಿ ಭತ್ತವೆಲ್ಲ ಟಾರ್ಪಾಲಿನ ಕೆಳಗೆ ಸೇರಿತ್ತು.

ಈಗ ನನ್ನ ದುಡಿಮೆ ಡಿಗ್ರಿ ಮಾಡಿದ ನಮ್ಮಣ್ಣನ ಸಂಬಳಕ್ಕಿಂತ ಜಾಸ್ತಿ. ಅಮ್ಮನ ಕೂಲಿ ಕೆಲಸ ಬಿಡಿಸಿದ್ದೇನೆ. ಆವತ್ತು ಆ ಅಜ್ಜಿ ಹತ್ತಿ ಕೂರದೇ ಇದ್ದಿದ್ದರೆ ಮಿಷನ್ನಿನ ಸಹವಾಸವನ್ನೇ ಬಿಟ್ಟುಬಿಡುತ್ತಿದ್ದೆನೇನೋ. ಅದಕ್ಕೇ ಪ್ರತಿ ಸುಗ್ಗಿಯಲ್ಲೂ ಮೊದಲು ಅವರ ಗದ್ದೆಗೇ ಹೋಗುತ್ತೇನೆ.

ಯಜಮಾನರು ಮಾತ್ರ ಊರವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ: "ಈವಮ್ಮನ್ನ ನಮ್ಮೂರ್ಗೆ ಮೊದ್ಲು ಕರ್ಸಿದ್ದೇ ನಾನು ಕಣ್ಲಾ." ನಾನೂ ಹೂಂ ಅಂದು ಮಿಷನ್ ಸ್ಟಾರ್ಟ್ ಮಾಡುತ್ತೇನೆ.