ಕೆಂಪು ನಾಬ್

ಶರಣಪ್ಪ ಕಾಕಾ ಅವರ ಬಲಗಾಲು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಮೈಕುಗಳ ದನಿ ಹದಮಾಡುವ ಮಿಕ್ಸರ್ ಮುಂದೆ ಕೂತರೆ ಕಾಲು ಕುಣಿಯುತ್ತಿತ್ತು, ಬೆರಳು ನಾಬ್‌ಗಳ ಮೇಲೆ ಓಡಾಡುತ್ತಿದ್ದವು. ಒಂದು ವಚನ ಮುಗಿಯುವುದರೊಳಗೆ ಎದ್ದು, ಹೆಂಗಸರ ಕಡೆಯ ಸಾಲಿನ ಹಿಂದೆ ನಿಂತು ಕೇಳಿ, ಓಡಿಬಂದು ಮತ್ತೇನನ್ನೋ ತಿರುವುತ್ತಿದ್ದರು. ಆಳಂದದಿಂದ ಜೇವರ್ಗಿವರೆಗೆ ಎಲ್ಲಿ ವಚನಗಾಯನವಿದ್ದರೂ ಸೌಂಡು ಅವರದೇ. ವೇದಿಕೆಯಲ್ಲಿ ಹಾಡಲು ಕೂತ ನನಗೆ ಈ ಓಡಾಟ ಕಂಡು ಹಾಡಿನ ಸಾಲೇ ಮರೆಯುತ್ತಿತ್ತು.

"ಕಾಕಾ, ಒಂದು ಕಡಿ ಕೂಡ್ರಿ."

"ನಾ ಕುಂತರ ನನಗಷ್ಟೇ ಕೇಳಸ್ತದವ್ವ. ಮಂದಿ ಎಲ್ಲಾ ಕಡಿ ಕುಂತಿರ್ತಾರ."

ಸೌಂಡು ಸಾಲದು ಎಂದು ದೂರುವವರಿಗೆ ಅವರಲ್ಲಿ ಒಂದೇ ಮದ್ದು. ತುದಿಯ ಕೆಂಪು ನಾಬನ್ನು ಕೂದಲೆಳೆಯಷ್ಟು ತಿರುಗಿಸಿ, "ಈಗ ಹ್ಯಾಂಗದರಿ?" ಎಂದು ಕೇಳುವುದು. ಎಂಥ ಗೌಡರೂ "ಹಾಂ, ಈಗ ಬರೋಬ್ಬರಿ ಆತು" ಎಂದು ಮೀಸೆ ನೀವಿಕೊಂಡು ಹೋಗುತ್ತಿದ್ದರು. ನನ್ನದೂ ಅದೇ ಗೋಳು. ಹಾಡು ಶುರುವಾಗುವಾಗ ಗಂಟಲು ಕಟ್ಟುತ್ತಿತ್ತು. ಕೈ ಎತ್ತಿ ಸನ್ನೆ ಮಾಡಿದರೆ ಕಾಕಾ ಕೆಂಪು ನಾಬ್ ತಿರುವುವರು, ನನ್ನ ದನಿ ಬಿಚ್ಚಿಕೊಳ್ಳುವುದು.

ಒಮ್ಮೆ ಅತನೂರಿನಲ್ಲಿ ಹಾಡು ಮುಗಿದು ಸಾಮಾನು ಕಟ್ಟಲು ಶುರುಮಾಡಿದಾಗ ನೋಡಿದೆ, ಉಳಿದ ನಾಬ್‌ಗಳಿಗೆಲ್ಲ ವೈರು ಸಿಕ್ಕಿಸಿತ್ತು, ಆ ಕೆಂಪು ನಾಬಿಗೆ ಮಾತ್ರ ಯಾವ ಮೈಕಿನ ವೈರೂ ಇಲ್ಲ; ಎಷ್ಟು ತಿರುವಿದರೂ ದನಿ ಬದಲಾಗುವಂತಿರಲಿಲ್ಲ. ಸಿಟ್ಟು ನೆತ್ತಿಗೇರಿತು.

"ಇಷ್ಟು ದಿನ ನನ್ನ ಮಂಗ್ಯಾ ಮಾಡೀರೇನ್ರಿ ಕಾಕಾ?"

ಅವರು ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ. "ನಿನ್ನ ದನಿಗೆ ಏನಾಗಿತ್ತವ್ವ? ಅಂಜಿಕಿ ಇತ್ತು. ಅದಕ್ಕೊಂದು ನಾಬ್ ಬೇಕಾಗಿತ್ತು."

ಕೆಲವು ಕಾರ್ಯಕ್ರಮಗಳವರೆಗೆ ಅವರೊಡನೆ ಮಾತೇ ಬಿಟ್ಟೆ. ಆಮೇಲೆ ಸೊನ್ನ ಊರಿನ ಕಾರ್ಯಕ್ರಮದಲ್ಲಿ ಗಂಟಲು ಮತ್ತೆ ಕಟ್ಟಿತು. ಗೊತ್ತಿದ್ದೂ ಕೈ ಎತ್ತಿದೆ. ನನಗೆ ಗೊತ್ತೆಂದು ಗೊತ್ತಿದ್ದೂ ಅವರು ತಿರುವಿದರು. ಅವತ್ತಿನಷ್ಟು ಚೆನ್ನಾಗಿ ನಾನು ಎಂದೂ ಹಾಡಿರಲಿಲ್ಲ.

ಅವರನ್ನು ಕಡೆಯ ಸಲ ನೋಡಿದ್ದು ಕಲಬುರಗಿಯ ಆಸ್ಪತ್ರೆಯಲ್ಲಿ, ಬೇಸಿಗೆಯ ಮಧ್ಯಾಹ್ನ. ಕಿಡ್ನಿ ಕೈಕೊಟ್ಟಿದ್ದವು. ನಿದ್ದೆ ಹತ್ತಿ ಎಷ್ಟೋ ದಿನವಾಗಿತ್ತಂತೆ. ಚಾದರದೊಳಗೆ ಕಾಲು ಕುಣಿಯುತ್ತಲೇ ಇತ್ತು. ನೋಡಲಾಗಲಿಲ್ಲ ನನಗೆ.

"ಈ ಫ್ಯಾನ್ ಗುಂಯ್ ಅನ್ನಾಕತ್ತದ, ತಲಿ ತಿನ್ನಾಕತ್ತದ. ಸ್ವಲ್ಪ ಕಮ್ಮಿ ಮಾಡವ್ವ."

ಬಂದ್ ಮಾಡಿದರೆ ಆ ಧಗೆಯಲ್ಲಿ ಉಸಿರಾಡುವಂತಿರಲಿಲ್ಲ. ಎದ್ದು ರೆಗ್ಯುಲೇಟರ್ ತಿರುಗಿಸಿದೆ. ಕೆಟ್ಟಿತ್ತು. ಎತ್ತ ತಿರುಗಿಸಿದರೂ ಫ್ಯಾನು ಅದೇ ಗುಂಯ್. ಏನು ಮಾಡಲೂ ತೋಚದೆ ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿ ಕೇಳಿದೆ:

"ಈಗ ಹ್ಯಾಂಗದರಿ, ಕಾಕಾ?"

ಅವರು ನನ್ನ ಕೈಯನ್ನೇ ನೋಡಿದರು. ತುಟಿಯಂಚಿನಲ್ಲಿ ನಗು ಬಂತು.

"ಹಾಂ, ಈಗ ಬರೋಬ್ಬರಿ ಆತು."

ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಕಾಲು ನಿಂತು, ಸಣ್ಣಗೆ ಗೊರಕೆ ಕೇಳಿಸಿತು. ನಾನು ರೆಗ್ಯುಲೇಟರ್ ಮೇಲಿನ ಕೈ ತೆಗೆಯಲಿಲ್ಲ.