ಏಳನೆಯ ತಿಂಗಳ ದವೆತ್

ಬಂಜಾರ್‌ನೆಗಾರದ ಸಂತೆಗೆ ಹೋದವರು ಪೈರಾಳ ದವೆತ್ ಕುಡಿಯದೆ ಬರುತ್ತಿರಲಿಲ್ಲ. ಹಸಿರು ಅಕ್ಕಿಶಾವಿಗೆ, ತೆಂಗಿನ ಹಾಲು, ಮೇಲೆ ಧಾರಾಳವಾಗಿ ತೆಂಗಿನ ಬೆಲ್ಲದ ಪಾಕ. ಪಾಕ ಹದಕ್ಕೆ ಬಂತೇ ಎಂದು ಬೆರಳದ್ದಿ ನೆಕ್ಕಿ ನೋಡುವುದು ಅವಳ ಅಭ್ಯಾಸ. ದಿನಕ್ಕೆ ಹತ್ತು ಸಲ ನೆಕ್ಕುತ್ತಿದ್ದಳು, ಅದೂ ಇಪ್ಪತ್ತೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವಳು! ಡಾಕ್ಟರು ಸಕ್ಕರೆ ಬಿಡು ಎಂದಿದ್ದರು, ಬಿಟ್ಟಿದ್ದಳು. ಬಿಳಿ ಸಕ್ಕರೆಯ ಒಂದು ಹರಳನ್ನೂ ಮನೆಯೊಳಗೆ ಸೇರಿಸಿದವಳಲ್ಲ. ಆದರೆ ಬೆಲ್ಲದ ಮಾತೇ ಬೇರೆ. ಅದು ಹಿತ್ತಲ ಮರದಿಂದ ಇಳಿಸಿದ್ದು, ಮೈಗೆ ತಂಪು, ಬಸುರಿ ಬಾಣಂತಿಯರಿಗೂ ಕೊಡುವಂಥದ್ದು. ಅದು ಸಕ್ಕರೆ ಹೇಗಾದೀತು? ಆ ಊರಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು.

ಮಗಳು ಮುರ್ನಿ ಹುಟ್ಟಿದಾಗ ನಾಲ್ಕೂಮುಕ್ಕಾಲು ಕಿಲೋ ಇದ್ದಳು. ಊರಿಗೆ ಊರೇ ನೋಡಲು ಬಂದಿತ್ತು. ಪೈರಾ ಹೆಮ್ಮೆಯಿಂದ ಎಲ್ಲರ ಕೈಗೂ ಮಗುವನ್ನು ಕೊಟ್ಟು, ಭಾರ ನೋಡಿ ಎಂದಿದ್ದಳು. ಎರಡು ವರ್ಷದ ಮೇಲೆ ಇನ್ನೊಂದು ಬಸಿರು. ಎಂಟನೆಯ ತಿಂಗಳಲ್ಲಿ ಆ ಮಗು ಒದೆಯುವುದನ್ನು ನಿಲ್ಲಿಸಿತು. ನಿದ್ದೆ ಮಾಡುತ್ತಿರಬೇಕು ಎಂದುಕೊಂಡು ಈ ಪುಣ್ಯಾತ್ಗಿತ್ತಿ ಎರಡು ದಿನ ಸುಮ್ಮನಿದ್ದಳು. ಹೆತ್ತಾಗ ಅದು ಗಂಡು, ದುಂಡುದುಂಡಗೆ, ಉಸಿರಿಲ್ಲ. ಆಗಲೇ ಆಸ್ಪತ್ರೆಯಲ್ಲಿ ರಕ್ತ ನೋಡಿ ಕಾಯಿಲೆಯ ಹೆಸರು ಹೇಳಿದ್ದು. "ಮುರ್ನಿ ಹೊಟ್ಟೇಲಿದ್ದಾಗಲೇ ಇದು ನಿಮಗೆ ಇದ್ದಿರ್ಬೇಕು. ಅವಳ ಮೇಲೂ ಒಂದು ಕಣ್ಣಿಟ್ಟಿರಿ, ಇಂಥ ಮಕ್ಕಳಿಗೆ ಬೇಗ ಬರುತ್ತೆ" ಎಂದಿದ್ದರು ಡಾಕ್ಟರು. ಸತ್ತ ಮಗುವನ್ನು ಮಡಿಲಲ್ಲಿಟ್ಟುಕೊಂಡವಳಿಗೆ ಆ ಮಾತು ಎಷ್ಟು ಕೇಳಿಸಿತೋ ಏನೋ.

ಕಣ್ಣಿಡಲಿಲ್ಲವೆಂದಲ್ಲ. ಹನ್ನೆರಡು ದಾಟುತ್ತಿದ್ದಂತೆ ಮುರ್ನಿ ದಪ್ಪಗಾದಳು, ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ ಎದ್ದಿತು. ಪೈರಾ ಅದನ್ನು ಕೊಳೆ ಎಂದುಕೊಂಡಳು. ಹೀರೆಕಾಯಿ ನಾರು ಹಿಡಿದು ಕುತ್ತಿಗೆ ಕೆಂಪಾಗುವವರೆಗೂ ತಿಕ್ಕಿದಳು. "ಉರಿಯುತ್ತೆ ಮಾಕ್, ಬಿಡು!" ಎಂದು ಹುಡುಗಿ ಅವ್ವನ ಕೈ ಹಿಡಿದು ಅತ್ತರೆ, "ಕೊಳಕಿ, ಸ್ನಾನ ಮಾಡೋಕ್ಕೂ ಸೋಮಾರಿತನವಾ?" ಎಂದು ಬೆನ್ನಿಗೊಂದು ಕೊಟ್ಟಳು. ಪಟ್ಟಿ ಮಾತ್ರ ಹೋಗಲಿಲ್ಲ, ಅದು ಕೊಳೆಯಲ್ಲ, ಮೈಯೊಳಗಿನ ಕಾಯಿಲೆಯ ಗುರುತು.

ಗಂಡ ತೆಂಗಿನ ಮರದಿಂದ ಬಿದ್ದು ತೀರಿಹೋದ ಮೇಲೆ ಮಗಳೊಬ್ಬಳೇ ಅವಳ ಜೀವ. ಮುರ್ನಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂದಾಗ ಹುಡುಗ ಬಾಯುವಿನ ತಾಯಿ ಸುಹಾರ್ತಿ ಚಾಪೆಯ ಮೇಲೆ ಕೂತು, ಬು ಎಂದು ಮರ್ಯಾದೆಯಿಂದಲೇ ಕರೆದು, ನೇರವಾಗಿ ಕೇಳಿದಳು. "ನಮಗಿರೋದು ಒಬ್ನೇ ಮಗ ಕಣ್ರೀ ಬು. ನಿಮ್ಮ ಕಡೆ ಕಾಯಿಲೆ ಕಸಾಲೆ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ."

"ಅಯ್ಯೋ, ಏನೂ ಇಲ್ಲ ಬು. ದೇವ್ರು ಚೆನ್ನಾಗಿಟ್ಟಿದ್ದಾನೆ."

ಅಂದಿನಿಂದ ಮಾತ್ರೆಗಳೂ ರಕ್ತ ನೋಡುವ ಪುಟ್ಟ ಯಂತ್ರವೂ ಅಕ್ಕಿ ಡಬ್ಬಿಯ ತಳ ಸೇರಿದವು. ಮೊದಲಿನಿಂದಲೂ ಮಗಳಿಗೆ ಅವು ಮಂಡಿನೋವಿನ ಮಾತ್ರೆ ಎಂದೇ ಹೇಳಿದ್ದಳು. ಮುರ್ನಿ ಬಸುರಿಯಾದಾಗ ಊರಿನ ನರ್ಸ್ ಎರ್ನಿ ಪುಸ್ತಕ ಬಿಚ್ಚಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇದೆಯೇ ಎಂದು ಕೇಳಿದಳು. ಪಕ್ಕದಲ್ಲೇ ಬೀಗಿತ್ತಿ ಕೂತಿದ್ದಳು. ಪೈರಾ ಮತ್ತೆ ಇಲ್ಲ ಎಂದಳು. ಹೌದು ಎಂದಿದ್ದರೆ ಎರ್ನಿ ಅಂದೇ ಮುರ್ನಿಯ ರಕ್ತ ನೋಡುತ್ತಿದ್ದಳು. ಆ ಒಂದು ಮಾತಿಗೆ ಇವಳ ನಾಲಿಗೆ ಏಳಲಿಲ್ಲವಲ್ಲ, ಏನು ಹೇಳುವುದು!

ಏಳನೆಯ ತಿಂಗಳ ಶಾಸ್ತ್ರ ಪೈರಾಳ ಅಂಗಳದಲ್ಲೇ ನಡೆಯಿತು. ಏಳು ಬಾವಿಯ ನೀರು ಹೊಯ್ದು, ಏಳು ಬಗೆಯ ಬಟ್ಟೆ ಉಡಿಸಿದ ಮೇಲೆ ಬಸುರಿಯೇ ದವೆತ್ ಮಾರಬೇಕು. ಗಂಡ ಬಾಯು ಛತ್ರಿ ಹಿಡಿದ, ಮುರ್ನಿ ಸೌಟು ಹಿಡಿದಳು, ನೆಂಟರು ಹೆಂಚಿನ ಚೂರುಗಳನ್ನು ದುಡ್ಡೆಂದು ಕೊಟ್ಟು ನಗುತ್ತ ಬಟ್ಟಲು ಒಡ್ಡಿದರು. ದವೆತ್ ಪೈರಾಳದೇ. ನಸುಕಿಗೆದ್ದು, ಎಂದಿಗಿಂತ ಒಂದು ಅಚ್ಚು ಬೆಲ್ಲ ಹೆಚ್ಚೇ ಹಾಕಿದ್ದಳು.

"ಹೊಟ್ಟೆ ನೋಡ್ರೇ! ಇವಳು ಆನೆಮರಿ ಹೆರ್ತಾಳೆ" ಎಂದಳೊಬ್ಬಳು.

"ನಮ್ಮ ವಂಶ ಅಂದ್ರೆ ಸುಮ್ನೇನಾ?" ಎಂದು ಸುಹಾರ್ತಿ ಬೀಗಿದಳು.

ಮುರ್ನಿ ಎಲ್ಲರಿಗೂ ಹೊಯ್ಯುತ್ತ, ನಡುನಡುವೆ ತಾನೂ ಕುಡಿಯುತ್ತಿದ್ದಳು. ಮೂರು ಬಟ್ಟಲಾಯಿತು, ನಾಲ್ಕಾಯಿತು. ಎರಡು ಸಲ ಬಚ್ಚಲಿಗೆ ಹೋಗಿ ಬಂದಳು. ಬಂದವಳೇ ಮತ್ತೊಂದು ಬಟ್ಟಲು ತುಂಬಿಕೊಂಡಳು. ಪೈರಾ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ಯಾಕೆ ಮಗಾ, ಅಷ್ಟು ಬಾಯಾರಿಕೆಯಾ?"

"ಎಷ್ಟು ಕುಡಿದ್ರೂ ತೀರ್ತಿಲ್ಲ ಮಾಕ್. ಒಂದು ತಿಂಗಳಿಂದ ಹೀಗೇ." ಮುರ್ನಿ ಹೊಟ್ಟೆಯ ಮೇಲೆ ಕೈಯಾಡಿಸಿದಳು. "ಇವನೂ ನಿನ್ನೆಯಿಂದ ಸೋಮಾರಿಯಾಗಿದ್ದಾನೆ. ಒದೀತಾನೇ ಇಲ್ಲ. ನಿದ್ದೆ ಮಾಡ್ತಿರ್ಬೇಕು."

ನಿದ್ದೆಯಂತೆ, ನಿದ್ದೆ! ಅಂದು ಎರಡು ದಿನ ಹಾಗೆಂದುಕೊಂಡೇ ಕೂತಿದ್ದವಳು ಪೈರಾ. ಮಗಳ ಕೈಯಿಂದ ಬಟ್ಟಲು ಕಿತ್ತು ನೆಲಕ್ಕೆ ಚೆಲ್ಲಿದಳು.

"ಏನಾಯ್ತು ಬು? ಶಾಸ್ತ್ರ ಮುಗಿಯೋ ಮುಂಚೆ ಚೆಲ್ತಾರಾ ಯಾರಾದ್ರೂ? ಅಪಶಕುನ!" ಎಂದು ಸುಹಾರ್ತಿ ಎದ್ದಳು.

ಪೈರಾ ಒಳಗೆ ಓಡಿ ಅಕ್ಕಿ ಡಬ್ಬಿಯನ್ನೇ ಬೋರಲು ಹಾಕಿದಳು. ಹರಡಿದ ಅಕ್ಕಿಯೊಳಗಿಂದ ಯಂತ್ರವನ್ನು ಹೆಕ್ಕಿ ತಂದು, ನೆಂಟರ ನಡುವೆ ಕೂತಿದ್ದ ನರ್ಸ್ ಎರ್ನಿಯ ಕೈಗೆ ತುರುಕಿದಳು.

"ನೋಡು ತಾಯಿ, ಈಗ್ಲೇ ನೋಡು. ನಂಗೆ ಸಕ್ಕರೆ ಇದೆ. ನಮ್ಮವ್ವ ಇದ್ರಲ್ಲೇ ಕಾಲು ಕಳ್ಕೊಂಡು ಸತ್ತಳು. ನನ್ನ ಗಂಡುಮಗು ಹೊಟ್ಟೇಲೇ ಹೋಗಿದ್ದು ಇದ್ರಿಂದ್ಲೇ. ಸುಳ್ಳು ಹೇಳ್ದೆ, ನಿಂಗೂ ಹೇಳ್ದೆ, ಬೀಗಿತ್ತಿಗೂ ಹೇಳ್ದೆ. ಆಮೇಲೆ ಬೇಕಾದ್ರೆ ಹೊಡೀರಿ, ಮೊದ್ಲು ನನ್ನ ಮಗಳನ್ನ ನೋಡಿ!"

ಎರ್ನಿ ಮುರ್ನಿಯ ಬೆರಳು ಚುಚ್ಚಿದಳು. ಮುನ್ನೂರ ಇಪ್ಪತ್ತಾರು. ಇರಬೇಕಾದ್ದರ ಎರಡುಪಟ್ಟಿಗೂ ಹೆಚ್ಚು. ಅವಳು ಎದ್ದೇಬಿಟ್ಟಳು. "ಕಾರ್ ತೆಗೀರಿ. ಮಗೂ ಎದೆಬಡಿತ ನೋಡ್ಬೇಕು, ಶಾಸ್ತ್ರಕ್ಕೆ ಅಂತ ಬಂದಿದ್ದು, ನನ್ನ ಹತ್ರ ಏನೂ ಇಲ್ಲ" ಎಂದಳು. ಬಾಯು ಛತ್ರಿ ಬಿಸಾಡಿ ಓಡಿದ. ಸುಹಾರ್ತಿ ಪೈರಾಳ ಮುಂದೆ ಬಂದು ನಿಂತು, "ನನ್ನ ಮೊಮ್ಮಗೂಗೇನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ" ಎಂದಳು. ಪೈರಾ ತಲೆ ತಗ್ಗಿಸಿದಳು. ಬಿಡಬಾರದು ಎಂದೇ ಅವಳಿಗೂ ಅನ್ನಿಸಿತು.

ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಬಾಯು ಕಾರು ಬಿಡುತ್ತಿದ್ದ, ಎರ್ನಿ ಮುಂದೆ ಕೂತು ಫೋನಿನಲ್ಲಿ ಡಾಕ್ಟರಿಗೆ ವಿಷಯ ಹೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ತಾಯಿ ಮಗಳಿಬ್ಬರೇ.

"ನಿಂಗೆ ಎಲ್ಲಾ ಗೊತ್ತಿತ್ತಾ ಮಾಕ್?"

"ಗೊತ್ತಿತ್ತು."

"ನಂಗೂ ಬರುತ್ತೆ ಅನ್ನೋದೂ?"

"ಡಾಕ್ಟ್ರು ಹೇಳಿದ್ರು ಮಗಾ. ನಿನ್ನ ಮದುವೆ ಎಲ್ಲಿ ಮುರಿದು ಬೀಳುತ್ತೋ ಅಂತ ಮುಚ್ಚಿಟ್ಟೆ."

ಮುರ್ನಿ ಅಳಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ತಬ್ಬಿಕೊಂಡು ಒಂದು ಒದೆತಕ್ಕೆ ಕಾಯುತ್ತಿದ್ದಳು. ಪೈರಾ ಅಂಜುತ್ತಲೇ ತನ್ನ ಅಂಗೈಯನ್ನು ಅಲ್ಲಿಟ್ಟಳು. ಏನೂ ತಿಳಿಯಲಿಲ್ಲ. ಸಕ್ಕರೆಯಿಂದ ಅವಳ ಬೆರಳುಗಳು ಜೋಮು ಹಿಡಿದು ಮೂರು ವರ್ಷವಾಗಿತ್ತು, ಬಿಸಿ ಬಾಣಲೆ ಮುಟ್ಟಿದರೂ ಗೊತ್ತಾಗದಷ್ಟು. ಬಗ್ಗಿ, ಮಗಳ ಹೊಟ್ಟೆಗೆ ಕೆನ್ನೆಯೊತ್ತಿ ಕಣ್ಣು ಮುಚ್ಚಿದಳು. ಕಾರಿನ ಕುಲುಕಾಟದಲ್ಲಿ ಯಾವುದು ರಸ್ತೆ, ಯಾವುದು ಮಗು? "ಒಂದು ನಿಮಿಷ ನಿಲ್ಸಪ್ಪಾ, ನಿಲ್ಸು!" ಎಂದು ಕೂಗಿದಳು. ಬಾಯು ರಸ್ತೆಯ ಬದಿಗೆ ನಿಲ್ಲಿಸಿದ.

ಆಗ ಕೆನ್ನೆಗೆ ಮೆಲ್ಲಗೆ, ಬಲು ಮೆಲ್ಲಗೆ ಏನೋ ತಾಕಿತು. ಸ್ವಲ್ಪ ತಡೆದು ಇನ್ನೊಮ್ಮೆ ತಾಕಿತು.

"ಒದೀತು!" ಪೈರಾ ಗಳಗಳನೆ ಅತ್ತಳು. "ಒದೀತು ಕಣೇ ಮಗಾ, ಇದ್ದಾನೆ, ಇದ್ದಾನೆ!"

ಮುರ್ನಿಗೆ ಖಾತ್ರಿಯಾಗಲಿಲ್ಲ, ಇಷ್ಟು ವರ್ಷ ಸುಳ್ಳು ಹೇಳಿದ್ದ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಮುಂದಿನ ಸೀಟಿನ ಕಡೆ ತಿರುಗಿದಳು.

"ಬು ಎರ್ನಿ, ನೀವೊಂದ್ಸಲ ಕೈಯಿಟ್ಟು ನೋಡಿ ಹೇಳಿ."